ನೋಟಿಸ್ ಬೋರ್ಡಿಗೆ ಬಾರದ ಜಮಾಬಂದಿ

ನಾನು ಎಂಎ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಓದಿದ ವಿಭಾಗದ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್ ಈಗಲೂ ಚುರುಕಾಗಿದೆ. ವಿಭಾಗದಲ್ಲಿ ಏನೇ ನಡೆದರೂ ಸಂಜೆಯೊಳಗೆ ಫೋಟೊ ಬಂದಿರುತ್ತದೆ. ಹಿಂದೆ ಫ್ಲೆಕ್ಸ್, ಮುಂದೆ ದೀಪ ಹಚ್ಚುತ್ತಿರುವ ಅತಿಥಿಗಳು, ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ವಿಶೇಷ ಉಪನ್ಯಾಸ, ಒಂದು ದಿನದ ಕಾರ್ಯಾಗಾರ, ವಿಚಾರ ಸಂಕಿರಣ, ಕೆಎಎಸ್ ಮಾರ್ಗದರ್ಶನ ಶಿಬಿರ, ಹೊಸಬರಿಗೆ ಸ್ವಾಗತ, ಹಳಬರಿಗೆ ಬೀಳ್ಕೊಡುಗೆ. ನೋಡಿದರೆ ಖುಷಿಯಾಗುತ್ತದೆ. ನಮಗೆ ಪಾಠ ಹೇಳಿದ ಮೇಷ್ಟ್ರು ಕೂದಲು ಬೆಳ್ಳಗಾಗಿ ಅದೇ ವೇದಿಕೆ ಮೇಲೆ ಕೂತಿರುತ್ತಾರೆ. ಆದರೆ ಪ್ರತಿ ಸಲವೂ ಒಂದು ವಿಷಯ ಮನಸ್ಸನ್ನು ಕೊರೆಯುತ್ತದೆ. ಇದು ಆಡಳಿತ ಕಲಿಸುವ ವಿಭಾಗ. ಊರಲ್ಲಿ, ತಾಲ್ಲೂಕಲ್ಲಿ, ಜಿಲ್ಲೆಯಲ್ಲಿ ಬೆಳಗಾದರೆ ಆಡಳಿತ ನಡೆಯುತ್ತಲೇ ಇರುತ್ತದೆ. ಅದರ ಒಂದು ತುಣುಕೂ ಈ ಫೋಟೊಗಳೊಳಗೆ ಬರುವುದಿಲ್ಲ ಯಾಕೆ?

ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳಿ. ಪಬ್ಲಿಕ್ ಅಡ್ಮಿನ್ ವಿಭಾಗಗಳಿಗೆ ಅದು ಹಬ್ಬದ ತಿಂಗಳು. 21ಕ್ಕೆ ನಾಗರಿಕ ಸೇವಾ ದಿನ, ಸರ್ದಾರ್ ಪಟೇಲರು 1947ರಲ್ಲಿ ದೆಹಲಿಯ ಮೆಟ್‌ಕಾಫ್ ಹೌಸಿನಲ್ಲಿ ಹೊಸ ಅಧಿಕಾರಿಗಳಿಗೆ ಭಾಷಣ ಮಾಡಿದ ದಿನ. 24ಕ್ಕೆ ಪಂಚಾಯತ್ ರಾಜ್ ದಿನ, 1993ರಲ್ಲಿ ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದ ದಿನ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಪಂಚಾಯತ್ ರಾಜ್ ದಿನದ ಉಪನ್ಯಾಸಕ್ಕೆ ಹೋಗಿದ್ದೆ. ಅತಿಥಿಗಳು ತಿಳಿದವರು. ಬಲವಂತರಾಯ್ ಮೆಹ್ತಾ ಸಮಿತಿಯಿಂದ ಶುರು ಮಾಡಿ ಅಶೋಕ್ ಮೆಹ್ತಾ ಸಮಿತಿಗೆ ಬಂದರು. ಅಲ್ಲಿಂದ ನಮ್ಮ 1983ರ ಕಾಯ್ದೆ, 1987ರ ಚುನಾವಣೆ, ಹೆಣ್ಣುಮಕ್ಕಳಿಗೆ ದೇಶಕ್ಕಿಂತ ಮೊದಲೇ ಕೊಟ್ಟ ಶೇ 25 ಮೀಸಲಾತಿ, ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಅಂತ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬರು. ಚೆನ್ನಾಗಿ ಹೇಳಿದರು. ಆ ಹೊತ್ತಿಗೆ ರಾಜ್ಯದ ಯಾವ ಜಿಲ್ಲಾ ಪಂಚಾಯಿತಿಯಲ್ಲೂ, ತಾಲ್ಲೂಕು ಪಂಚಾಯಿತಿಯಲ್ಲೂ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ. 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿದಿತ್ತು. ಹೊಸ ಚುನಾವಣೆ ನಡೆದಿರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಬಾಯಿಬಿಟ್ಟು ಹೇಳುತ್ತದೆ. ಕೊನೆಯಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಸಾರ್, ಈಗ ನಮ್ಮ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಯಾರು?’ ಅತಿಥಿಗಳು, ‘ಅದು ಕೋರ್ಟಿನಲ್ಲಿದೆಯಮ್ಮ’ ಅಂದರು. ನಿರೂಪಕರು ವಂದನಾರ್ಪಣೆಗೆ ಕರೆದರು.

ಆ ಹುಡುಗಿಯ ಪ್ರಶ್ನೆಗೆ ಇನ್ನೊಂದು ಗಂಟೆ ಕೊಟ್ಟಿದ್ದರೆ ಏನೇನೆಲ್ಲಾ ಬರುತ್ತಿತ್ತು! ಕ್ಷೇತ್ರ ಮರುವಿಂಗಡಣೆ ಯಾರ ಕೆಲಸ, ರಾಜ್ಯ ಚುನಾವಣಾ ಆಯೋಗವೇ ಯಾಕೆ ಹೈಕೋರ್ಟಿಗೆ ಹೋಗಬೇಕಾಯಿತು, ಸದಸ್ಯರಿಲ್ಲದಾಗ ಸ್ಥಾಯಿ ಸಮಿತಿಗಳ ಕೆಲಸ ಯಾರು ಮಾಡುತ್ತಾರೆ, ಊರಿನ ಶಾಲೆಗೆ ಕೊಠಡಿ ಬೇಕು ಅಂದರೆ ಜನ ಯಾರ ಮನೆ ಬಾಗಿಲಿಗೆ ಹೋಗುತ್ತಾರೆ. ಅವತ್ತಿನ ದೊಡ್ಡ ಸುದ್ದಿ ಅದೇ ಆಗಿತ್ತು. ಅದು ಸಭಾಂಗಣದೊಳಗೇ ಎದ್ದು ನಿಂತಿತ್ತು, ನಾವು ಕೂರಿಸಿಬಿಟ್ಟೆವು.

ಫೈಲು ಕೇಳುವ ಫೋಟೊ

ಇದಕ್ಕೆ ಯಾರನ್ನೂ ದೂರುವ ಮನಸ್ಸಿಲ್ಲ. ನಾನೂ ಈಗ ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಕಾರ್ಯಕ್ರಮಗಳು ಹೇಗೆ ಹುಟ್ಟುತ್ತವೆ ಅಂತ ಹತ್ತಿರದಿಂದ ನೋಡಿದ್ದೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂದರೆ ಐದು ವರ್ಷದ ಚಟುವಟಿಕೆಗಳ ದಾಖಲೆ ಬೇಕು. ಆಹ್ವಾನ ಪತ್ರಿಕೆ, ಹಾಜರಿ ಪಟ್ಟಿ ಸಹಿಯೊಂದಿಗೆ, ವರದಿ, ಜಾಗ ಮತ್ತು ಸಮಯ ಅಚ್ಚಾದ ಜಿಯೋಟ್ಯಾಗ್ ಫೋಟೊ. ಸಭಾಂಗಣದಲ್ಲಿ ನಡೆದ ಉಪನ್ಯಾಸಕ್ಕೆ ಇವೆಲ್ಲಾ ಅರ್ಧ ದಿನದಲ್ಲಿ ಸಿದ್ಧವಾಗುತ್ತವೆ. ಒಬ್ಬ ಹುಡುಗ ಮಧ್ಯಾಹ್ನವೆಲ್ಲಾ ನಾಡಕಚೇರಿಯ ಬೆಂಚಿನ ಮೇಲೆ ಕೂತು, ಜಾತಿ ಪ್ರಮಾಣಪತ್ರಕ್ಕೆ ಬಂದವರು ಯಾವ ಕಾಗದ ಇಲ್ಲ ಅಂತ ವಾಪಸ್ ಹೋದರು ಅನ್ನುವುದನ್ನು ಬರೆದುಕೊಂಡು ಬಂದರೆ ಅದಕ್ಕೆ ಫ್ಲೆಕ್ಸ್ ಇಲ್ಲ, ಅತಿಥಿ ಇಲ್ಲ, ಯಾವ ಕಲಂನಲ್ಲಿ ತುಂಬಬೇಕು ಅಂತಲೂ ಗೊತ್ತಾಗುವುದಿಲ್ಲ. ಜೊತೆಗೆ ಎಷ್ಟೋ ವಿಭಾಗಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಮೇಲೆ. ಅವರಿಗೆ ಸಂಬಳ ತಿಂಗಳಿಗೆ ಸರಿಯಾಗಿ ಬರುವುದೇ ದೊಡ್ಡದು. ‘ಮಕ್ಕಳನ್ನ ಕರ್ಕೊಂಡು ಹಳ್ಳಿ ಸುತ್ತಿ’ ಅಂತ ಅವರಿಗೆ ಹೇಳುವುದು ಸುಲಭದ ಮಾತಲ್ಲ.

ಒಪ್ಪುತ್ತೇನೆ. ಆದರೂ ಸುಮ್ನೆ ಬಿಡಲು ಆಗುತ್ತಿಲ್ಲ. ಯಾಕೆಂದರೆ ನಮ್ಮ ಕಾಲದಲ್ಲಿ ಒಂದೇ ಒಂದು ಸಲ ವಿಭಾಗ ಹೊರಗೆ ಹೋಗಿತ್ತು. ಎರಡು ವರ್ಷದ ಎಂಎಯಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರುವ ಪಾಠ ಸಿಕ್ಕಿದ್ದು ಅವತ್ತೇ.

ಚರಂಡಿಯ ಅಳತೆ

ನಮ್ಮ ಮೇಷ್ಟ್ರೊಬ್ಬರ ಸ್ನೇಹಿತರು ತಾಲ್ಲೂಕಿನಲ್ಲಿ ಕೃಷಿ ಇಲಾಖೆಯಲ್ಲಿದ್ದರು. ಅವರನ್ನು ಒಂದು ಗ್ರಾಮ ಪಂಚಾಯಿತಿಯ ಜಮಾಬಂದಿಗೆ, ಅಂದರೆ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಎದುರೇ ಪರಿಶೀಲಿಸುವ ಸಭೆಗೆ, ನೋಡಲ್ ಅಧಿಕಾರಿ ಮಾಡಿದ್ದರು. ‘ಬರೋದಾದ್ರೆ ನಾಲ್ಕು ಹುಡುಗರನ್ನ ಕರ್ಕೊಂಡು ಬನ್ನಿ’ ಅಂದರಂತೆ. ಹಾಗೆ ಹೋಗಿದ್ದು. ಆಗಸ್ಟ್ ಕೊನೆ, ಬೆಳಗಿನಿಂದ ಜಿಟಿಜಿಟಿ ಮಳೆ. ಪಂಚಾಯಿತಿ ಕಟ್ಟಡದ ಮುಂದೆ ಶಾಮಿಯಾನ. ಒಂದು ಉದ್ದ ಮೇಜಿನ ಮೇಲೆ ಹಿಂದಿನ ವರ್ಷದ ಲೆಕ್ಕವೆಲ್ಲಾ ಹರಡಿಟ್ಟಿದ್ದರು. ನಗದು ಪುಸ್ತಕ, ಕಂದಾಯ ವಸೂಲಿ ಬಾಕಿ ವಹಿ, ನರೇಗಾ ಕಡತಗಳು, ಎಂಜಿನಿಯರ್ ಅಳತೆ ಬರೆದ ಎಂಬಿ ಬುಕ್ಕುಗಳು. ಯಾರು ಬೇಕಾದರೂ ತೆಗೆದು ನೋಡಬಹುದು. ನಾನು ಬಿಎಯಿಂದಲೂ ‘ಉತ್ತರದಾಯಿತ್ವ’ ಅಂತ ಬರೆದು ಅಂಕ ತೆಗೆದುಕೊಂಡವನು. ಹಳ್ಳಿಯವರು ಸರ್ಕಾರದ ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟ ತಿರುಗಿಸುವುದನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

ಮೊದಲು ಅಷ್ಟೇನೂ ಬಿಸಿ ಇರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಓದುತ್ತಿದ್ದರು, ಜನ ಕಾಫಿ ಕುಡಿಯುತ್ತಿದ್ದರು. ಕಾಮಗಾರಿಗಳ ಪಟ್ಟಿಯಲ್ಲಿ ಒಂದು ಚರಂಡಿ ಬಂತು. ಇಂಥವರ ಮನೆಯಿಂದ ಇಂಥವರ ಮನೆವರೆಗೆ, 80 ಮೀಟರ್. ಹಿಂದೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದರು. ‘ಅದು ನಮ್ಮ ಮನೆವರೆಗೂ ಬಂದಿಲ್ಲ ಕಣಪ್ಪ. ನೀರೆಲ್ಲಾ ಬಂದು ನಮ್ಮ ಬಾಗ್ಲಲ್ಲೇ ನಿಂತ್ಕತದೆ’ ಅಂದರು. ಸದಸ್ಯರೊಬ್ಬರು ‘ಬಂದದೆ ಕೂತ್ಕೊಳವ್ವ’ ಅಂದರು. ಅವರು ಕೂರಲಿಲ್ಲ. ನೋಡಲ್ ಅಧಿಕಾರಿ ಎಂಬಿ ಬುಕ್ ಎತ್ತಿಕೊಂಡು, ‘ನಡೀರಿ, ನೋಡೇಬಿಡೋಣ’ ಅಂದರು. ಜಮಾಬಂದಿಯಲ್ಲಿ ಸ್ಥಳಕ್ಕೆ ಹೋಗಿ ಕಾಮಗಾರಿ ನೋಡುವುದು ನಿಯಮದಲ್ಲೇ ಇದೆ. ಅದನ್ನು ಮಾಡುತ್ತಾರೋ ಇಲ್ಲವೋ ಅನ್ನುವುದು ಅವತ್ತು ಬಂದ ಅಧಿಕಾರಿಯ ಮೇಲೆ.

ಟೇಪಿನ ಒಂದು ತುದಿ ನನ್ನ ಕೈಗೆ ಬಂತು, ಇನ್ನೊಂದು ನನ್ನ ಸಹಪಾಠಿಯ ಕೈಗೆ. ಕೆಸರಲ್ಲಿ ಕಾಲು ಜಾರುತ್ತಿತ್ತು. ಅರ್ಧ ಬೀದಿ ನಮ್ಮ ಹಿಂದೆಯೇ ಬಂದಿತ್ತು. ಚರಂಡಿ ಆ ಅವ್ವನ ಮನೆಗೆ ಇನ್ನೂ ಮೂರು ಮನೆ ಇರುವಾಗಲೇ ನಿಂತಿತ್ತು. ಅಳತೆ 80 ಬರಲಿಲ್ಲ. ಒಂದು ಕ್ಷಣ ಎಲ್ಲರೂ ಪಿಡಿಒ ಮುಖ ನೋಡಿದರು. ದುಡ್ಡು ಹೊಡೆದಿದ್ದಾರೆ ಅಂತ ನಾವು ಹುಡುಗರೆಲ್ಲಾ ಆಗಲೇ ತೀರ್ಮಾನಿಸಿಬಿಟ್ಟಿದ್ದೆವು. ಪಿಡಿಒ, ‘ಸಾರ್, ಈ ಕಡೆ ಬನ್ನಿ’ ಅಂತ ಬೀದಿಯ ಇನ್ನೊಂದು ತುದಿಗೆ ಕರೆದುಕೊಂಡು ಹೋದರು. ಅಲ್ಲಿ ದೇವಸ್ಥಾನದ ಪಕ್ಕ ಮಿಕ್ಕ ಚರಂಡಿ ಇತ್ತು. ಆ ಮೂರು ಮನೆಗಳಲ್ಲಿ ಒಬ್ಬರು, ಜಾಗ ನಮ್ಮದು, ಇಲ್ಲಿ ಅಗೆಯುವಂತಿಲ್ಲ ಅಂತ ತಕರಾರು ತೆಗೆದಿದ್ದರು. ಮಾರ್ಚ್ ತಿಂಗಳು, ದುಡ್ಡು ವಾಪಸ್ ಹೋಗುತ್ತದೆ. ಹಾಗಾಗಿ ಉಳಿದದ್ದನ್ನು ಆ ಕಡೆ ಕಟ್ಟಿಸಿದರು. ಎರಡೂ ಸೇರಿದರೆ ಅಳತೆ ಸರಿ. ಆದರೆ ಅಂದಾಜು ಪಟ್ಟಿ ತಿದ್ದಿಸಿರಲಿಲ್ಲ, ಪಂಚಾಯಿತಿ ಸಭೆಯಲ್ಲಿ ತೀರ್ಮಾನ ಆಗಿರಲಿಲ್ಲ, ಆ ಅವ್ವನಿಗೆ ಒಂದು ಮಾತು ಹೇಳಿರಲಿಲ್ಲ.

ಶಾಮಿಯಾನಕ್ಕೆ ವಾಪಸ್ ಬಂದ ಮೇಲೆ ಇದನ್ನು ನಡಾವಳಿಯಲ್ಲಿ ಬರೆಯಬೇಕಾಯಿತು. ಬರೆಯುವ ಕೆಲಸ ನಮ್ಮಲ್ಲೇ ಅಕ್ಷರ ಚೆನ್ನಾಗಿದ್ದ ಹುಡುಗಿಗೆ ಬಿತ್ತು. ಬರೆದು ಮುಗಿಸಿದಳು. ಆ ಅವ್ವ ಮೇಜಿನ ಹತ್ತಿರ ಬಂದು, ‘ಏನ್ ಬರ್ಕಂಡೆ, ಒಂದ್ಸಲ ಓದು ಮಗ’ ಅಂದರು. ಓದಿದಳು. ‘ಸದರಿ ಕಾಮಗಾರಿಯು ಸ್ಥಳ ಬದಲಾವಣೆಯಾಗಿರುವುದು ಕಂಡುಬಂದಿರುತ್ತದೆ’ ಅಂತಿತ್ತು. ‘ನಮ್ಮ ಮನೆ ಮುಂದೆ ನೀರು ನಿಲ್ತದೆ ಅಂತ ಬರ್ದಿಲ್ವಲ್ಲ’ ಅಂದರು ಅವರು. ಅಧಿಕಾರಿ ನಕ್ಕು, ‘ಬರೀಮ್ಮ, ಅವರು ಹೇಳಿದ ಹಾಗೇ ಬರಿ’ ಅಂದರು. ಮನೆ ಯಾರದು, ನೀರು ಎಲ್ಲಿ ನಿಲ್ಲುತ್ತದೆ, ಮುಂದಿನ ಕ್ರಿಯಾ ಯೋಜನೆಯಲ್ಲಿ ಆ ಮೂರು ಮನೆಯ ಚರಂಡಿ ಮೊದಲು ಬರಬೇಕು, ಎಲ್ಲಾ ಸೇರಿತು. ಅವರು ಹೆಬ್ಬೆಟ್ಟು ಒತ್ತಿದರು.

ವಿಭಾಗಕ್ಕೆ ಬಂದ ಮೇಲೆ ಮೇಷ್ಟ್ರು ಕರಿಹಲಗೆಯ ಮೇಲೆ ಅಮೆರಿಕದ ಆಡಳಿತ ಚಿಂತಕ ರಿಗ್ಸ್‌ನ ಹೆಸರು ಬರೆದರು. ನಿಯಮ ಒಂದು ಹೇಳುತ್ತದೆ, ನಡೆಯುವುದು ಇನ್ನೊಂದು. ನಡುವಿನ ಆ ಅಂತರಕ್ಕೆ ಅವನು ಫಾರ್ಮಲಿಸಂ ಅಂದ. ಬೆಳೆಯುತ್ತಿರುವ ದೇಶಗಳ ಆಡಳಿತದ ಬಗ್ಗೆ ಅವನು ಹೇಳಿದ ‘ಸಾಲಾ ಮಾದರಿ’ ಪಾಠವನ್ನು ನಾವು ಉರು ಹೊಡೆದಿದ್ದೆವು. ಆದರೆ ಅದು ಬರೀ ಕಳ್ಳತನದ ಕತೆ ಅಂದುಕೊಂಡಿದ್ದೆವು. ಇಲ್ಲಿ ಕದ್ದವರು ಯಾರೂ ಇರಲಿಲ್ಲ. ಮಾರ್ಚ್ ಗಡುವು, ನೆರೆಹೊರೆಯ ತಕರಾರು, ತಿದ್ದದೇ ಉಳಿದ ಒಂದು ಕಾಗದ, ಇಷ್ಟರಲ್ಲೇ ಒಬ್ಬರ ಮನೆ ಬಾಗಿಲಲ್ಲಿ ವರ್ಷಗಟ್ಟಲೆ ನೀರು ನಿಲ್ಲುತ್ತದೆ. ಅವತ್ತು ಮೇಷ್ಟ್ರು ಎರಡು ಪೀರಿಯಡ್ ಬಿಡದೆ ಮಾತಾಡಿದರು. ಯಾರೂ ಗಡಿಯಾರ ನೋಡಲಿಲ್ಲ. ಈ ಭೇಟಿಯ ಬಗ್ಗೆ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲೂ ಬರಲಿಲ್ಲ, ವಿಭಾಗದ ವಾರ್ಷಿಕ ವರದಿಯಲ್ಲೂ ಇಲ್ಲ.

ಆಯ್ಕೆಯಾದವರ ಪಟ್ಟಿ

ಬೋರ್ಡಿನಲ್ಲಿ ತಪ್ಪದೆ ಬರುವ ಸುದ್ದಿ ಅಂದರೆ ಆಯ್ಕೆಯಾದವರ ಪಟ್ಟಿ. ಎಫ್‌ಡಿಎ, ಪಿಡಿಒ, ಪಿಎಸ್ಐ, ಅಪರೂಪಕ್ಕೆ ಕೆಎಎಸ್. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ‘ಇದು ಓದಿದ್ರೆ ಏನ್ ಕೆಲ್ಸ ಸಿಗುತ್ತೆ?’ ಅಂತ ಅಡ್ಮಿಷನ್ ದಿನ ಅಪ್ಪಂದಿರು ಕೇಳುತ್ತಾರೆ. ಅವರಿಗೆ ಆ ಪಟ್ಟಿಯೇ ಉತ್ತರ. ನಮ್ಮ ವಿಷಯದ ನಸೀಬು ಬಹಳ ಕಾಲದಿಂದ ಪರೀಕ್ಷೆಗಳ ಜೊತೆ ಕಟ್ಟಿಕೊಂಡಿದೆ. ಯುಪಿಎಸ್‌ಸಿಯಲ್ಲಿ ಪಬ್ಲಿಕ್ ಅಡ್ಮಿನ್ ತೆಗೆದುಕೊಂಡರೆ ಜನರಲ್ ಸ್ಟಡೀಸಿಗೂ ಆಗುತ್ತದೆ ಅಂತ ಜನ ಮುಗಿಬೀಳುತ್ತಿದ್ದ ಕಾಲವೊಂದಿತ್ತು. 2011ರಲ್ಲಿ ಪ್ರಿಲಿಮ್ಸ್‌ನ ಐಚ್ಛಿಕ ವಿಷಯ ಹೋಗಿ ಸಿಸ್ಯಾಟ್ ಅನ್ನುವ ಸಾಮರ್ಥ್ಯ ಪರೀಕ್ಷೆ ಬಂತು. 2013ರಲ್ಲಿ ಮೇನ್ಸ್‌ನ ಎರಡು ಐಚ್ಛಿಕ ವಿಷಯ ಒಂದಾಯಿತು. ನಮ್ಮ ವಿಷಯದ ಒಳ್ಳೊಳ್ಳೆ ಅಧ್ಯಾಯಗಳೆಲ್ಲಾ ಎಲ್ಲರೂ ಓದಲೇಬೇಕಾದ ಜನರಲ್ ಸ್ಟಡೀಸಿನೊಳಗೆ ಸೇರಿಕೊಂಡವು. ಕೆಎಎಸ್ ಮೇನ್ಸ್‌ನಲ್ಲಂತೂ ಈಗ ಐಚ್ಛಿಕ ವಿಷಯವೇ ಇಲ್ಲ. ಪರೀಕ್ಷೆಗೋಸ್ಕರ ಬರುತ್ತಿದ್ದವರು ಬೇರೆ ದಾರಿ ಹಿಡಿದರು.

ಇದರಿಂದ ವಿಭಾಗಗಳಿಗೆ ಭಯವಾಗಿದೆ. ಭಯವಾದಾಗ ಕೋಚಿಂಗ್ ಸೆಂಟರಿನ ಹಾಗೆ ಕಾಣಿಸಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆ ಪೈಪೋಟಿಯಲ್ಲಿ ಗೆಲ್ಲುವುದು ಬೆಂಗಳೂರಿನ ವಿಜಯನಗರದ, ಧಾರವಾಡದ ಕೋಚಿಂಗ್ ಸೆಂಟರುಗಳೇ ಹೊರತು ನಾವಲ್ಲ. ದೇಶದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿಯವರ ನಂತರ ಅಧ್ಯಕ್ಷರಾದವರು ಕೆಂಗಲ್ ಹನುಮಂತಯ್ಯ, 2005ರ ಎರಡನೆಯದಕ್ಕೆ ವೀರಪ್ಪ ಮೊಯಿಲಿ. ಎರಡರಲ್ಲೂ ನಮ್ಮವರೇ. ಮೊದಲನೆಯದು 20 ವರದಿ, ಎರಡನೆಯದು 15 ವರದಿ ಅಂತ ನಮ್ಮ ಹುಡುಗರು ನಿದ್ದೆಯಲ್ಲೂ ಹೇಳುತ್ತಾರೆ. ಎರಡನೇ ಆಯೋಗದ 12ನೇ ವರದಿ ನಾಗರಿಕ ಕೇಂದ್ರಿತ ಆಡಳಿತದ ಬಗ್ಗೆ ಅನ್ನುವುದೂ ಗೊತ್ತು. ಅದನ್ನು ಕೋಚಿಂಗ್ ಸೆಂಟರೂ ಹೇಳಿಕೊಡುತ್ತದೆ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ 2012ರಲ್ಲಿ ಬಂತು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಇದೂ ಗೈಡಿನಲ್ಲಿದೆ. ಆದರೆ ಆ 20 ರೂಪಾಯಿ ಕೇಳಿದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಯಾಕೆ ಕೇಳುವುದಿಲ್ಲ? ನಾಳೆ ಮತ್ತೆ ಅದೇ ಗುಮಾಸ್ತರ ಹತ್ತಿರ ಹೋಗಬೇಕು ಅಂತಲಾ, ಕೇಳಬಹುದು ಅಂತ ಗೊತ್ತೇ ಇಲ್ಲವಾ? ಇದನ್ನು ಹುಡುಕಲು ಎರಡು ವರ್ಷ ಕೊಡುವ ಜಾಗ ಅಂದರೆ ಎಂಎ ವಿಭಾಗ ಒಂದೇ. ನಮಗೆ ಮಾತ್ರ ಇರುವ ಬಲ ಅದು.

ಡೈರಿ ಮುಂದಿನ ವಾರ್ಡ್ ಸಭೆ

ನಮ್ಮ ಬ್ಯಾಚಿಗಿಂತ ಎರಡು ವರ್ಷ ದೊಡ್ಡವರೊಬ್ಬರು ಪಿಡಿಒ ಆಗಿದ್ದಾರೆ. ವಿಭಾಗ ಅವರನ್ನು ಕರೆದು ಸನ್ಮಾನ ಮಾಡಿತು. ಶಾಲು ಹೊದಿಸಿದರು, ‘ಕಷ್ಟಪಟ್ಟು ಓದಿ’ ಅಂತ ಎರಡು ಮಾತಾಡಿಸಿದರು, ಊಟಕ್ಕೆ ಬಿಟ್ಟರು. ಊಟದ ಸಾಲಿನಲ್ಲಿ ಅಕ್ಕ ಸಿಕ್ಕರು. ‘ಹೆಂಗಿದೆ ಅಕ್ಕ ಕೆಲ್ಸ?’ ಅಂದೆ. ಅಷ್ಟೇ, ಮಾತು ನಿಲ್ಲಲಿಲ್ಲ. ನೀರುಗಂಟಿಗೆ ಮೂರು ತಿಂಗಳ ಸಂಬಳ ಬಾಕಿ ಇದ್ದಾಗ ಅವನ ಮನವೊಲಿಸಿ ಮೋಟರ್ ಹಾಕಿಸಿದ್ದು. ಬೀದಿ ದೀಪದ ಕರೆಂಟ್ ಬಿಲ್ಲು. ಅಧ್ಯಕ್ಷೆಯ ಬದಲು ಸಭೆಗೆ ಬಂದು ಕೂರುತ್ತಿದ್ದ ಅವರ ಗಂಡನನ್ನು ಮರ್ಯಾದೆ ಕೆಡದ ಹಾಗೆ ಹೊರಗೆ ಕೂರಿಸಿದ್ದು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ವಾರ್ಡ್ ಸಭೆಯ ವಿಷಯ.

ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಆಫೀಸಿನಲ್ಲಿ ಸಭೆ ಕರೆದರೆ ಯಾರೂ ಬರುತ್ತಿರಲಿಲ್ಲವಂತೆ. ಕೂಲಿಗೆ ಹೋದವರು ಕೂಲಿ ಬಿಟ್ಟು ಯಾಕೆ ಬರುತ್ತಾರೆ? ಆಮೇಲೆ ಮನೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಬರುವುದು ಹಳೇ ರೂಢಿ. ಅಕ್ಕ ಅದನ್ನು ನಿಲ್ಲಿಸಿದರು. ಸಭೆಯನ್ನು ಸಂಜೆ ಹಾಲಿನ ಡೈರಿ ಮುಂದಕ್ಕೆ ತಂದರು. ಹಾಲು ಹಾಕಲು ಹೆಂಗಸರೆಲ್ಲಾ ಕ್ಯಾನು ಹಿಡಿದು ಹೇಗೂ ಬರುತ್ತಾರೆ. ಸಾಲಿನಲ್ಲಿ ನಿಂತಿರುವಾಗಲೇ ಮಾತು ಶುರು. ‘ಮೊದ್ಲನೇ ಸಲ ಬರೀ ಜಗಳ. ಎರಡನೇ ಸಲಕ್ಕೆ ಪಟ್ಟಿ ಮಾಡ್ಕೊಂಡು ಬಂದ್ರು’ ಅಂದರು. ಮನೆ ಯಾರಿಗೆ ಕೊಡಬೇಕು ಅನ್ನುವ ಫಲಾನುಭವಿ ಪಟ್ಟಿಯನ್ನು ಅಲ್ಲೇ ಜೋರಾಗಿ ಓದಿಸಿದರಂತೆ. ಮನೆ ಇದ್ದೂ ಇಲ್ಲ ಅಂತ ಬರೆಸಿದವರಿಗೆ ಹೆಂಗಸರ ಎದುರು ಬಾಯಿಬಿಡಲು ಆಗಲಿಲ್ಲ.

ಅನ್ನ ತಣ್ಣಗಾಗಿತ್ತು. ನನಗೆ ತಡೆಯಲಾಗಲಿಲ್ಲ, ‘ಇದನ್ನ ವೇದಿಕೆ ಮೇಲೆ ಹೇಳ್ಬೇಕಿತ್ತು ಅಕ್ಕ’ ಅಂದೆ. ‘ಯಾರೂ ಕೇಳ್ಲಿಲ್ವಲ್ಲೋ’ ಅಂದರು. ಸಭೆಯ ಹೊತ್ತು ಮತ್ತು ಜಾಗ ಬದಲಾದರೆ ಬರುವ ಜನ ಬದಲಾಗುತ್ತಾರೆ, ಜನ ಬದಲಾದರೆ ಪಟ್ಟಿ ಬದಲಾಗುತ್ತದೆ. ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ನಾನು ಓದಿದ ಯಾವ ಅಧ್ಯಾಯದಲ್ಲೂ ಇದು ಇಷ್ಟು ನೇರವಾಗಿ ಇರಲಿಲ್ಲ. ಕಟ್ಟಿಗೆ ತರಲು ಕಾಡಿಗೆ ಹೊರಟವರು ಹಿತ್ತಲಲ್ಲಿ ಒಟ್ಟಿದ ಸೌದೆಯನ್ನು ನೋಡದ ಹಾಗೆ ನಾವು ನಮ್ಮದೇ ಹಳೇ ವಿದ್ಯಾರ್ಥಿಗಳನ್ನು ದಾಟಿ ಹೋಗುತ್ತಿದ್ದೇವೆ. ಶಾಲು ಹೊದಿಸುವುದು ಹೊದಿಸಲಿ. ಆಮೇಲೆ ಬಾಗಿಲು ಹಾಕಿ, ಎರಡು ಗಂಟೆ ಕೂರಿಸಿ, ಕಷ್ಟದ ಫೈಲಿನ ಬಗ್ಗೆ ಕೇಳಲಿ.

ಯಾರ ಊರಿಗೆ ಯಾರು

ಹೋದ ತಿಂಗಳು ವಿಭಾಗದಲ್ಲೇ ಈಗ ಪಾಠ ಮಾಡುತ್ತಿರುವ ಗೆಳತಿಯ ಜೊತೆ ಇದನ್ನೆಲ್ಲಾ ಮಾತಾಡಿದೆ. ಅವಳಿಗೂ ಇದೇ ಸಂಕಟ. ಬಸ್ಸಿಗೆ ದುಡ್ಡಿಲ್ಲ, ಅನುಮತಿ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ, ಹಾಜರಿ ಹೋದರೆ ಹುಡುಗರ ಸ್ಕಾಲರ್‌ಶಿಪ್ಪಿಗೆ ತೊಂದರೆ ಅಂದಳು. ಆಮೇಲೆ ಅವಳೇ ಒಂದು ಮಾತು ಹೇಳಿದಳು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ದಿನಾ ಹಳ್ಳಿಯಿಂದಲೇ ಬರುತ್ತಾರೆ, ಅವರ ಹತ್ತಿರ ಬಸ್ ಪಾಸಿದೆ, ಅವರನ್ನು ಹಳ್ಳಿಗೆ ಕರೆದುಕೊಂಡು ಹೋಗಲು ನಮಗೆ ಬಸ್ ಯಾಕೆ ಬೇಕು? ಎಲ್ಲರೂ ಅವರವರ ಪಂಚಾಯಿತಿಯ ಜಮಾಬಂದಿಗೆ ಹೋಗಲಿ. ಪಂಚಾಯಿತಿ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ತಾನಾಗಿಯೇ ಪ್ರಕಟಿಸಬೇಕಾದ 17 ಅಂಶಗಳಲ್ಲಿ ಯಾವುದು ಗೋಡೆ ಮೇಲಿದೆ, ಯಾವುದಿಲ್ಲ ಅಂತ ನೋಡಲಿ. ಒಂದು ಕಾಮಗಾರಿ ಆರಿಸಿಕೊಂಡು ಕಾಗದದಿಂದ ಜಾಗದವರೆಗೆ ಹಿಂಬಾಲಿಸಲಿ. ಅದನ್ನೇ ಇಂಟರ್ನಲ್ ಅಂಕಕ್ಕೆ ಹಿಡಿಯೋಣ ಅಂದಳು. ನನಗೆ ಎಷ್ಟು ಹುರುಪಾಯಿತು ಅಂದರೆ ಅವತ್ತೇ ಕೂತು ಇಬ್ಬರೂ ಒಂದು ಪುಟದ ಸೂಚನೆ ಬರೆದೆವು.

ತರಗತಿಯಲ್ಲಿ ಓದಿ ಹೇಳಿದಾಗ ಎಲ್ಲರಿಗೂ ಉತ್ಸಾಹ. ಹಿಂದಿನ ಬೆಂಚಿನ ಒಬ್ಬಳು ಮಾತ್ರ ತರಗತಿ ಮುಗಿದ ಮೇಲೆ ಬಂದು ನಿಂತಳಂತೆ. ‘ಮೇಡಂ, ನಾನು ನಮ್ಮೂರ ಪಂಚಾಯ್ತಿಗೆ ಹೋಗಿ ಲೆಕ್ಕದ ಬುಕ್ ತೆಗ್ಸಿದ್ರೆ, ನಾಳೆ ನಮ್ಮಪ್ಪಂಗೆ ನರೇಗಾ ಕೆಲ್ಸ ಕೊಡ್ತಾರಾ?’ ಅಂದಳಂತೆ. ಗೆಳತಿ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಭಾರವಾಗಿತ್ತು. ಆ ಹುಡುಗಿಗೆ ಆಡಳಿತ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಗೊತ್ತಿದೆ. ಸಹಿ ಮಾಡುವವರು ಯಾರು, ಬೈಸಿಕೊಳ್ಳುವವರು ಯಾರು, ಕೇಳಿದರೆ ಯಾರ ಮನೆಯ ಒಲೆಗೆ ಪೆಟ್ಟು ಬೀಳುತ್ತದೆ, ಎಲ್ಲಾ ಗೊತ್ತು. ಅವಳ ಆ ಪ್ರಶ್ನೆಯನ್ನು ಸಿಲಬಸ್ಸಿನ ಮೊದಲ ಪುಟದಲ್ಲಿ ಇಡಬೇಕು ಅಂತ ನನಗನ್ನಿಸಿತು.

ಸೂಚನೆಯನ್ನು ಮತ್ತೆ ಬರೆದಿದ್ದೇವೆ. ಯಾರೂ ತಮ್ಮ ಪಂಚಾಯಿತಿಗೆ ಹೋಗುವುದಿಲ್ಲ. ಇಬ್ಬಿಬ್ಬರ ಜೋಡಿ, ಬೇರೆಯವರ ಊರಿಗೆ. ಊಟ, ನೀರು ಆ ಊರಿನ ಸಹಪಾಠಿಯ ಮನೆಯಲ್ಲಿ ಬೇಡ, ಕಟ್ಟಿಕೊಂಡು ಹೋಗಬೇಕು, ಯಾರ ಕಡೆಯವರು ಅಂತ ಯಾರಿಗೂ ಅನ್ನಿಸಬಾರದು. ವಿಭಾಗದ ಪತ್ರ ಕೈಯಲ್ಲಿರಬೇಕು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಮೊದಲೇ ಒಂದು ಪ್ರತಿ ಹೋಗಬೇಕು. ಡೈರಿ ಮುಂದೆ ಸಭೆ ಮಾಡಿಸಿದ ಅಕ್ಕನನ್ನು ಹಿಂದಿನ ವಾರ ಕರೆಸಿ, ನಗದು ಪುಸ್ತಕ ಓದುವುದು ಹೇಗೆ, ಕೇಳುವಾಗ ಯಾರಿಗೂ ಅವಮಾನ ಆಗದ ಹಾಗೆ ಹೇಗೆ ಕೇಳಬೇಕು ಅಂತ ಹೇಳಿಸುವುದು. ಅಕ್ಕ ಒಪ್ಪಿದ್ದಾರೆ. ಶಾಲು ಬೇಡ, ಕರಿಹಲಗೆ ಮತ್ತು ಎರಡು ಗಂಟೆ ಸಾಕು ಅಂದಿದ್ದಾರೆ. ಈಗ ಜೋಡಿಗಳ ಪಟ್ಟಿ ಮಾಡುತ್ತಿದ್ದೇವೆ, ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಅಂತ ಹುಡುಗರೇ ಬರೆದು ಕೊಡುತ್ತಿದ್ದಾರೆ.